ಗುತ್ಯಮ್ಮನ ಗೋಡೆ, ಕೆರಿಯಪ್ಪನ ಪಂಚೆ

ಸಾಗರದಲ್ಲಿ ಮನೆ ಕಟ್ಟಿಸುವವರಿಗೆ ನಾನು ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ. ಸಿಮೆಂಟು ಸಿಗುತ್ತದೆ, ಕಬ್ಬಿಣ ಸಿಗುತ್ತದೆ, ಯಾರದೋ ಕೈಕಾಲು ಹಿಡಿದರೆ ಮರಳೂ ಸಿಗುತ್ತದೆ, ಮೇಸ್ತ್ರಿ ಮಾತ್ರ ಸಿಗುವುದಿಲ್ಲ. ಸಿಕ್ಕರೂ ಅವನು ನಿಮ್ಮವನಲ್ಲ. ಒಂಬತ್ತಕ್ಕೆ ಬರುತ್ತಾನೆ, ಹತ್ತಕ್ಕೆ ಚಾ ಕುಡಿಯುತ್ತಾನೆ, ಹನ್ನೊಂದಕ್ಕೆ ಅವನಿಗೊಂದು ಫೋನ್ ಬರುತ್ತದೆ, ಮರುದಿನ ಅವನ ಅಜ್ಜಿ ಸಾಯುತ್ತಾಳೆ. ನನ್ನ ಕೈಕೆಳಗೆ ಕೆಲಸ ಮಾಡಿದ ಒಬ್ಬನಿಗೆ ಒಂದೇ ವರ್ಷದಲ್ಲಿ ನಾಲ್ಕು ಅಜ್ಜಿಯರು ಸತ್ತರು. ನಾಲ್ಕು ಸಲವೂ ನಾನು ಮುಖ ಸಣ್ಣ ಮಾಡಿಕೊಂಡು ಛೆ ಛೆ ಎಂದೆ. ಬೈದರೆ ತಿಥಿ ಮುಗಿದ ಮೇಲೂ ಅವನು ವಾಪಸ್ ಬರುವುದಿಲ್ಲವಲ್ಲ.

ನನ್ನ ಹೆಸರು ತೀರ್ಥೇಶ್. ಊರು ಮಂಡಗದ್ದೆ ಹತ್ತಿರ. ಡಿಪ್ಲೊಮಾ ಮುಗಿಸಿ ಸಾಗರಕ್ಕೆ ಬಂದವನು ಇಪ್ಪತ್ತು ವರ್ಷದಿಂದ ಇಲ್ಲೇ ಮನೆ ಕಟ್ಟಿಸುವ ಕಂಟ್ರಾಕ್ಟು ಮಾಡುತ್ತಿದ್ದೇನೆ. ಬಂದ ಹೊಸತರಲ್ಲಿ ಗಾರೆ ಮೇಸ್ತ್ರಿಯ ದಿನಗೂಲಿ ನೂರೈವತ್ತು. ಈಗ ಸಾವಿರದ ನೂರು. ಟೈಲ್ಸ್ ಹಾಕುವವನು ದಿನದ ಮಾತೇ ಆಡುವುದಿಲ್ಲ, ಅವನದೆಲ್ಲ ಅಡಿ ಲೆಕ್ಕ; ಅವನ ಬೈಕು ನನ್ನ ಬೈಕಿಗಿಂತ ಹೊಸದು. ಸೆಂಟ್ರಿಂಗಿಗೆ ಬಿಹಾರದವರು, ಕಬ್ಬಿಣ ಕಟ್ಟಲು ಬಂಗಾಳದವರು. ಅವರ ಊರಲ್ಲಿ ಎಲೆಕ್ಷನ್ ಬಂದರೆ ಸಾಗರದಲ್ಲಿ ಸ್ಲ್ಯಾಬು ನಿಲ್ಲುತ್ತದೆ. ನಮ್ಮೂರಿನ ಮೇಸ್ತ್ರಿಗಳೋ, ಅಡಿಕೆ ಕೊಯ್ಲು ಶುರುವಾದದ್ದೇ ಕರಣೆ ತೊಳೆದಿಟ್ಟು ಮರ ಹತ್ತುತ್ತಾರೆ. ಅಲ್ಲಿ ಮಧ್ಯಾಹ್ನದೊಳಗೆ ಇಲ್ಲಿನ ಒಂದು ದಿನದ ಕೂಲಿ ಹುಟ್ಟುತ್ತದೆ, ಮೇಲೆ ಊಟ ಬೇರೆ. ನಾನೇ ಆಗಿದ್ದರೂ ಹತ್ತುತ್ತಿದ್ದೆ, ಹೊಟ್ಟೆ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನನ್ನ ಕಷ್ಟ ತೋಡಿಕೊಳ್ಳಲಿಕ್ಕಲ್ಲ. ತೋಡಿಕೊಳ್ಳಲಿಕ್ಕೂ ಹೌದು ಅನ್ನಿ. ಆದರೆ ಮುಖ್ಯವಾಗಿ ಗುತ್ಯಮ್ಮನ ವಿಷಯ ಹೇಳಬೇಕು. ಮೇಸ್ತ್ರಿಗಳ ಈ ಬರಗಾಲದಲ್ಲಿ ಮೂರು ವರ್ಷ ನನ್ನ ಮಾನ ಉಳಿಸಿದವಳು ಅವಳು. ಆ ಮೂರು ವರ್ಷವೂ ನಾನು ಅವಳಿಗೆ ಕೊಟ್ಟದ್ದು ಹೆಣ್ಣಾಳಿನ ಕೂಲಿ.

ಗುತ್ಯಮ್ಮನ ಮನೆ ಇಕ್ಕೇರಿಯಿಂದ ಸ್ವಲ್ಪ ಒಳಗೆ. ವಯಸ್ಸು ನಲವತ್ತೆಂಟೋ ಐವತ್ತೋ, ಕೇಳಿದರೆ 'ನಿಮಗೆಂತಕ್ಕೆ, ಹೆಣ್ಣು ನೋಡ್ತಿದೀರಾ' ಎನ್ನುತ್ತಾಳೆ. ಕುಳ್ಳಗೆ, ಒಣಗಿದ ಕಟ್ಟಿಗೆಯ ಹಾಗೆ ಗಟ್ಟಿ ಮೈ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೊಂದು ಟವೆಲು. ಹದಿನೇಳನೆಯ ವರ್ಷಕ್ಕೆ ತಲೆಯ ಮೇಲೆ ಬಾಂಡ್ಲಿ ಇಟ್ಟುಕೊಂಡವಳು. ಗಾರೆ ಹೊರುವುದು, ಇಟ್ಟಿಗೆ ನೆನೆಸುವುದು, ಗೋಡೆಗೆ ನೀರು ಹೊಡೆಯುವುದು, ಜೊತೆಗೆ ಯಾರ ಕೆಲಸ ಓರೆಯಾಗಿದೆ ಎಂದು ಕೂಗಿ ಹೇಳುವುದು. ಇದರಲ್ಲಿ ಕೊನೆಯದನ್ನು ಯಾರೂ ಅವಳಿಗೆ ವಹಿಸಿರಲಿಲ್ಲ.

ಅವಳ ಗಂಡ ಕೆರಿಯಪ್ಪ ಮೇಸ್ತ್ರಿ. ಅಪ್ಪ ಗೇಣಿ ಮಾಡುತ್ತಿದ್ದ ಜಮೀನು ಸ್ವಂತದ್ದಾಗಿ, ನಾಲ್ವರು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಇವನಿಗೆ ಬಂದ ಪಾಲು ನಿಂತು ಬಗ್ಗುವುದಕ್ಕೂ ಸಾಲದಷ್ಟು ಆದಾಗ ಕರಣೆ ಹಿಡಿದವನು. ಮಾತು ಕಡಿಮೆ, ಬೀಡಿ ಜಾಸ್ತಿ, ಕೆಲಸ ಚೊಕ್ಕ. ಗಂಡ ಗೋಡೆ ಮಾಡುವುದು, ಹೆಂಡತಿ ಗಾರೆ ಎತ್ತಿಕೊಡುವುದು, ಹೀಗೆ ಜೋಡಿಯಾಗಿ ಬರುವವರು ನಮ್ಮಲ್ಲಿ ಬಹಳ. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಮೇಸ್ತ್ರಿಗಳ ಸಾಲಿನಲ್ಲಿ, ಹೆಂಡತಿಯದು ಆಳುಗಳ ಸಾಲಿನಲ್ಲಿ. ಸಂತೆಯ ಹಿಂದಿನ ಸಂಜೆ ಬಟವಾಡೆ. ಇಬ್ಬರದ್ದೂ ಗಂಡನ ಕೈಗೆ.

ಆಳುಗಳಲ್ಲೂ ಗಂಡಾಳಿಗೆ ಏಳುನೂರು, ಹೆಣ್ಣಾಳಿಗೆ ಐನೂರು. ಯಾಕೆ ಎಂದು ಯಾರಾದರೂ ಕೇಳಿದರೆ, ಗಂಡಾಳು ಸಿಮೆಂಟ್ ಚೀಲ ಹೊರುತ್ತಾನೆ ಎನ್ನುತ್ತೇವೆ. ಹೊರುತ್ತಾನೆ, ದಿನಕ್ಕೆ ನಾಲ್ಕು. ಉಳಿದ ಹೊತ್ತು ಮರಳಿನ ರಾಶಿಯ ಮೇಲೆ ಕೂತು ಫೋನ್ ನೋಡುತ್ತಾನೆ. ಹೆಣ್ಣಾಳು ಕೂತದ್ದನ್ನು ಮಾತ್ರ ನಾನು ಈ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ಇದರ ಬಗ್ಗೆ ನಾನು ತಲೆ ಕೆಡಿಸಿಕೊಂಡವನೂ ಅಲ್ಲ.

ಇನ್ನೊಂದು ಪದ್ಧತಿ ಹೇಳಬೇಕು. ಕರಣೆ ಹಿಡಿದವನು ಬಾಂಡ್ಲಿ ಮುಟ್ಟುವುದಿಲ್ಲ. ಗಾರೆ ಅವನ ಕೈಯಳತೆಗೆ ಬರಬೇಕು. ಬಾಂಡ್ಲಿ ಕಾಲಬುಡದಲ್ಲೇ ಇದ್ದರೂ ಆಳು ಬಂದು ಎತ್ತಿಕೊಡುವವರೆಗೆ ಅವನು ಬೀಡಿ ಹಚ್ಚಿ ನಿಂತಿರುತ್ತಾನೆ. ಬಗ್ಗಿ ಎತ್ತಿಕೊಂಡರೆ ಮೇಸ್ತ್ರಿಗಿರಿ ಕಳಚಿ ಬಿತ್ತು ಎಂದೇ ಲೆಕ್ಕ.

ಮೂರು ವರ್ಷದ ಹಿಂದೆ ಒಂದು ದಿನ, ರಸ್ತೆಯಲ್ಲಿ ಪೈಪಿಗೆಂದು ಗುಂಡಿ ತೋಡಿದ್ದರಿಂದ ಬೈಕನ್ನು ದೂರದಲ್ಲೇ ನಿಲ್ಲಿಸಿ, ಕಟ್ಟುತ್ತಿದ್ದ ಮನೆಯ ಮಹಡಿಗೆ ನಡೆದು ಹೋದೆ. ಮಹಡಿಯ ಪ್ಲಾಸ್ಟರಿಂಗು ಕೆರಿಯಪ್ಪನ ಜೋಡಿಗೆ ಬಿಟ್ಟಿದ್ದೆ. ಹೋಗಿ ನೋಡಿದರೆ, ಎರಡು ಡ್ರಮ್ಮಿನ ಮೇಲೆ ಹಾಸಿದ ಹಲಗೆಯ ಮೇಲೆ ಗುತ್ಯಮ್ಮ ನಿಂತಿದ್ದಾಳೆ, ಸೀರೆ ಎತ್ತಿ ಕಟ್ಟಿದ್ದಾಳೆ, ಕೈಯಲ್ಲಿ ಕರಣೆ. ಕೆಳಗೆ ಕೆರಿಯಪ್ಪ ಎಡಗೈಯಲ್ಲಿ ಬಾಂಡ್ಲಿ ಅವಚಿಕೊಂಡು ಅವಳಿಗೆ ಗಾರೆ ಎತ್ತಿಕೊಡುತ್ತಿದ್ದಾನೆ. ನನ್ನನ್ನು ಕಂಡವನೇ ಬಾಂಡ್ಲಿಯ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಬಡಿದ. ಅದು ಅವರಿಬ್ಬರ ಸನ್ನೆ. ಯಾರಾದರೂ ಬಂದರೆ ಅವಳು ಇಳಿಯಬೇಕು, ಇವನು ಹತ್ತಬೇಕು. ಈ ಸಲ ಬೈಕಿನ ಸದ್ದು ಕೇಳದೆ ತಡವಾಗಿತ್ತು.

"ಎಂತ ಮಾರಾಯ ಇದು?" ಎಂದೆ.

"ಬಲದ ತೋಳು ಏಳ್ತಾ ಇಲ್ಲ ತೀರ್ಥೇಶಣ್ಣ," ಎಂದ ಕೆರಿಯಪ್ಪ. "ಭುಜದಿಂದ ಮ್ಯಾಲೆ ಕೈ ಹೋಗದೆ ನಾಲ್ಕು ತಿಂಗಳಾತು."

"ನಾಲ್ಕು ತಿಂಗಳಿಂದ ಗೋಡೆ ಮಾಡಿದ್ದು ಯಾರು ಹಂಗಾದ್ರೆ?"

"ಇನ್ಯಾರು, ದೆವ್ವ ಬಂದು ಮಾಡ್ತಾ?" ಗುತ್ಯಮ್ಮ ತಿರುಗಿ ಕೂಡ ನೋಡಲಿಲ್ಲ. "ನೀವಿಬ್ರು ಮಾತಾಡ್ತಾ ನಿಂತ್ರೆ ಗಾರೆ ಗಟ್ಟಿ ಆಗ್ತದೆ. ಏ, ತಗಬಾ ಇತ್ಲಾಗೆ."

ಆ ನಾಲ್ಕು ತಿಂಗಳಲ್ಲಿ ನಾನು ಕೆರಿಯಪ್ಪನನ್ನು ಎಷ್ಟು ಸಲ ಹೊಗಳಿದ್ದೆನೋ. 'ಈಗೀಗ ನಿನ್ನ ಕೈಗೆ ಒಳ್ಳೆ ಹದ ಬಂದದೆ ಮಾರಾಯ' ಎಂದಾಗಲೆಲ್ಲ ಅವನು ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ನಾಚಿಕೆ ಎಂದುಕೊಂಡಿದ್ದೆ. ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿದೆ. ಎಲ್ಲೂ ಒಂದು ಏರಿಲ್ಲ, ತಗ್ಗಿಲ್ಲ. ಯಾರಿಗೂ ಹೇಳಬೇಡಿ ಎಂದು ನಾನೇ ಅವರಿಗೆ ಹೇಳಿ ಕೆಳಗಿಳಿದು ಬಂದೆ.

ಮೇಸ್ತ್ರಿ ಕೂಲಿ ಬಾಂಡ್ಲಿ ಹೊತ್ತವನಿಗೆ, ಆಳಿನ ಕೂಲಿ ಗೋಡೆ ಮಾಡಿದವಳಿಗೆ. ಒಂದೇ ಮನೆಗೆ ಹೋಗುವ ದುಡ್ಡು, ಯಾವ ಕೈಗೆ ಹೋದರೇನು ಎಂದು ನಾನು ಅಂದುಕೊಂಡೆ. ನನಗೆ ಅನುಕೂಲವಾಗಿದ್ದನ್ನು ನಾನು ಬಹಳ ಬೇಗ ನ್ಯಾಯ ಎಂದುಕೊಳ್ಳುತ್ತೇನೆ, ಅದು ನನ್ನ ಹುಟ್ಟುಗುಣ.

ಹೀಗೆ ಐದು ಮನೆ ಆದವು. ನಮ್ಮಲ್ಲಿ ಗೃಹಪ್ರವೇಶದ ದಿನ ಮನೆಯ ಯಜಮಾನರು ಮೇಸ್ತ್ರಿಯನ್ನು ಎಲ್ಲರೆದುರು ಹೆಸರು ಹಿಡಿದು ಕರೆದು, ತಟ್ಟೆಯಲ್ಲಿ ಪಂಚೆ, ಶಲ್ಯ, ಎಲೆಅಡಿಕೆ ಇಟ್ಟು ಮರ್ಯಾದೆ ಮಾಡುತ್ತಾರೆ. ಐದು ಮನೆಯಲ್ಲೂ ಕೆರಿಯಪ್ಪ ಎದ್ದು ಹೋಗಿ ಪಂಚೆ ತೆಗೆದುಕೊಂಡ. ಗುತ್ಯಮ್ಮ ಹಿಂದಿನ ಸಾಲಿನಲ್ಲಿ ಆಳುಗಳ ಜೊತೆ ಕೂತು ರವಿಕೆ ಕಣ, ತೆಂಗಿನಕಾಯಿ ತೆಗೆದುಕೊಂಡಳು. ಊರಲ್ಲಿ ಮಾತ್ರ ನನ್ನ ಹೆಸರು ಎದ್ದಿತು. ಪ್ಲಾಸ್ಟರಿಂಗ್ ಅಂದರೆ ತೀರ್ಥೇಶನ ಗೋಡೆ ನೋಡಿ ಎಂದು ಬೇರೆ ಕಂಟ್ರಾಕ್ಟರುಗಳೇ ಹೇಳತೊಡಗಿದರು. ನಾನು ಹೆಗಲು ಕುಣಿಸಿ, ಏನೋ ನಿಮ್ಮ ಆಶೀರ್ವಾದ ಎನ್ನುತ್ತಿದ್ದೆ.

ಆರನೆಯದು ಕೃಷ್ಣಯ್ಯನವರ ಮನೆ. ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವರು. ರಿಟೈರಾಗಿ ಸಾಗರದ ಹೊಸ ಬಡಾವಣೆಯಲ್ಲಿ ಸೈಟು ತೆಗೆದುಕೊಂಡಿದ್ದರು. ಅವರ ಜೇಬಿನಲ್ಲಿ ಯಾವಾಗಲೂ ಒಂದು ಟಾರ್ಚು. ಸಂಜೆ ಕಿಟಕಿಗೆ ಚೀಲ ಅಡ್ಡ ಕಟ್ಟಿ, ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿಯುವರು. ಬೆಳಕು ಗೋಡೆಯುದ್ದಕ್ಕೂ ಹರಿದಾಗ ಏರುತಗ್ಗು ಇದ್ದರೆ ಅದರ ನೆರಳು ಬೀಳುತ್ತದೆ. ಹಾಲ್ ಮುಗಿದ ದಿನ ನಾಲ್ಕೂ ಗೋಡೆಗೆ ಹಿಡಿದು ನೋಡಿದರು. ಏನೂ ಸಿಗಲಿಲ್ಲ. ಮೇಷ್ಟ್ರ ಮುಖ ಬಾಡಿಹೋಯಿತು.

"ಯಾರು ಮೇಸ್ತ್ರಿ?" ಎಂದು ಕೇಳಿದರು.

"ಕೆರಿಯಪ್ಪ ಅಂತ," ಎಂದೆ.

ಹಾಲ್ ಮುಗಿಯಿತು, ಕೆರಿಯಪ್ಪನ ಎಡತೋಳೂ ಮುಗಿಯಿತು. ಅಷ್ಟು ದಿನ ಬಲಗೈಯ ಕೆಲಸವನ್ನೂ ಅದೇ ಮಾಡಿತ್ತಲ್ಲ. ಮುಂದಿನ ಸೋಮವಾರ ಗುತ್ಯಮ್ಮ ಒಬ್ಬಳೇ ಬಂದಳು. ಅವಳ ಬಟ್ಟೆ ಚೀಲದಿಂದ ಗಂಡನ ಕರಣೆಯ ಹಿಡಿ ಹೊರಗೆ ಇಣುಕುತ್ತಿತ್ತು. ನಾನು ಹಾಜರಿ ಬರೆಯುತ್ತ ಕೂತಿದ್ದೆ.

"ಕೆರಿಯಪ್ಪ ಎಲ್ಲಿ?"

"ಅವ್ನಿನ್ನು ಬರದಿಲ್ಲ. ಚೊಂಬಿಗಿಂತ ಭಾರದ್ದು ಎತ್ತಬ್ಯಾಡ ಅಂದಾರೆ ಡಾಕ್ಟ್ರು. ಇವತ್ತಿಂದ ನಾನೊಬ್ಳೆ. ಮೇಸ್ತ್ರಿ ಸಾಲಲ್ಲಿ ನನ್ನ ಹೆಸರು ಬರ್ಕಳಿ. ಗಾರೆ ಕೊಡಾಕೆ ಒಂದು ಆಳು ಬೇಕು."

ನನ್ನ ಪೆನ್ನು ನಿಂತಿತು. ಆ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರನ್ನು ನಾನು ಬರೆದವನಲ್ಲ. ಬೇರೆಯವರ ಪುಸ್ತಕದಲ್ಲೂ ಕಂಡವನಲ್ಲ.

"ಗುತ್ಯಮ್ಮ, ನಿಂದು ಆಳಿನ ಕೂಲಿ. ಬೇಕಾದ್ರೆ ನೂರು ಹೆಚ್ಚಿಗೆ ತಗೋ."

"ಮೂರು ವರ್ಷದಿಂದ ಗೋಡೆ ಮಾಡಿದ್ದು ಯಾರು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ಆವಾಗ ಕೆರಿಯಪ್ಪ ಇದ್ದ."

"ಅವ್ನು ಇದ್ದಿದ್ದು ಬಾಂಡ್ಲಿ ಹೊರಾಕೆ. ಬಾಂಡ್ಲಿ ಹೊತ್ತೋನಿಗೆ ಸಾವಿರದ ನೂರು ಕೊಟ್ರಿ. ಗೋಡೆ ಮಾಡಿದೋಳಿಗೆ ಐನೂರು. ಈಗ ಗೋಡೆ ಮಾಡೋಳು ಬಂದಾಳೆ, ಬಾಂಡ್ಲಿ ಹೊರೋನು ಮನೇಲವ್ನೆ. ನೀವು ಓದಿದೋರು, ಲೆಕ್ಕ ಹೇಳಿ."

ಲೆಕ್ಕ ಹೇಳುವ ಬದಲು ನಾನು ಕಾರಣ ಹೇಳಿದೆ. ಉಳಿದ ಮೇಸ್ತ್ರಿಗಳು ಬಿಟ್ಟು ಹೋಗುತ್ತಾರೆ ಎಂದೆ. ಮನೆ ಯಜಮಾನರು ಒಪ್ಪುವುದಿಲ್ಲ ಎಂದೆ. ಯಾವ ಆಳು ನಿನಗೆ ಗಾರೆ ಎತ್ತಿಕೊಡುತ್ತಾನೆ ಎಂದೆ. ಮೂರೂ ಬೇರೆಯವರ ತಲೆಗೆ ಕಟ್ಟಿದ ಕಾರಣಗಳು. ನನ್ನದೊಂದಿತ್ತು, ಅದನ್ನು ಹೇಳಲಿಲ್ಲ. ಇಷ್ಟು ದಿನ ಊರೆಲ್ಲ ಹೊಗಳಿದ್ದು ಒಬ್ಬಳು ಹೆಣ್ಣಾಳಿನ ಗೋಡೆ ಎಂದು ಗೊತ್ತಾದರೆ, ಗೊತ್ತಿದ್ದೂ ಮೂರು ವರ್ಷ ಅವಳನ್ನು ಆಳಿನ ಸಾಲಿನಲ್ಲಿಟ್ಟವನು ಯಾರು ಎಂದೂ ಗೊತ್ತಾಗುತ್ತದೆ.

ಗುತ್ಯಮ್ಮ ಕರಣೆಯನ್ನು ಚೀಲದೊಳಕ್ಕೆ ಪೂರ್ತಿ ತುರುಕಿದಳು. ಟವೆಲು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು.

"ಆತು. ಐನೂರಕ್ಕೆ ಎಷ್ಟಾಗ್ತದೋ ಅಷ್ಟು," ಎಂದಳು.

ಆ ಕೊಯ್ಲಿನ ಕಾಲದಲ್ಲಿ ಮೇಸ್ತ್ರಿ ಹುಡುಕುವುದೆಂದರೆ ನಾನು ಬಿದ್ದ ಪಾಡು ಕೇಳಬೇಡಿ. ಕೊನೆಗೆ ಹೊಸನಗರದಿಂದ ನಾಗೇಂದ್ರ ಎಂಬವನು ಸಿಕ್ಕ. ದಿನಕ್ಕೆ ಸಾವಿರದ ಮುನ್ನೂರು, ಬಸ್ ಚಾರ್ಜು, ಮಧ್ಯಾಹ್ನ ಮೀನಿನ ಊಟ. ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಹಾಡು ಕೇಳುತ್ತ ಗೋಡೆ ಮಾಡುತ್ತಿದ್ದ. ಗುತ್ಯಮ್ಮ ಅವನಿಗೆ ಗಾರೆ ಎತ್ತಿಕೊಟ್ಟಳು. ಅವನು ಕೇಳಿದಾಗ ಕೊಟ್ಟಳು, ಸಾಕು ಎಂದಾಗ ನಿಲ್ಲಿಸಿದಳು. ಮೊದಲೆಲ್ಲ ಯಾರ ಗೋಡೆ ಕೂದಲೆಳೆಯಷ್ಟು ಹೊಟ್ಟೆ ಬಿಟ್ಟರೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದವಳು ಈಗ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಐನೂರರಲ್ಲಿ ಸೇರಿರಲಿಲ್ಲವಲ್ಲ. ಆ ಎಂಟು ದಿನ ಕಟ್ಟಡ ಯಾರೋ ಸತ್ತ ಮನೆಯ ಹಾಗಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಸಿಮೆಂಟ್ ತಂದವನನ್ನು ಬೈದೆ.

ಎಂಟನೆಯ ಸಂಜೆ ಕೃಷ್ಣಯ್ಯನವರು ಟಾರ್ಚು ಹಿಡಿದು ಬಂದರು. ಮಹಡಿಯ ದೊಡ್ಡ ರೂಮಿನ ಗೋಡೆಗೆ ತಾಗಿಸಿದರು. ಅವರ ಮುಖ ಅರಳಿತು.

"ತೀರ್ಥೇಶ್, ಇದೆಂತ ಮಾರಾಯ್ರೆ? ಗೋಡೆ ಮಾಡಿದ್ರೋ, ಗದ್ದೆ ಹೂಡಿದ್ರೋ?"

"ಪುಟ್ಟಿ ಹೊಡೆದ್ರೆ ಎಲ್ಲ ಮುಚ್ಚಿಹೋಗ್ತದೆ ಸರ್," ಎಂದ ನಾಗೇಂದ್ರ.

"ಮುಚ್ಚಿಹೋಗೋದು ನನಗೂ ಗೊತ್ತು. ನನಗೆ ಮುಚ್ಚಿದ ಗೋಡೆ ಬೇಡ." ನನ್ನ ಕಡೆ ತಿರುಗಿದರು. "ಹಾಲ್ ಮಾಡಿದವರೇ ಇದನ್ನೂ ಮಾಡಬೇಕು. ಇದನ್ನ ಕೆತ್ತಿಸಿ, ಕೆರಿಯಪ್ಪನ್ನ ಕರೆಸಿ. ಗೃಹಪ್ರವೇಶಕ್ಕೆ ಇನ್ನು ಹನ್ನೆರಡೇ ದಿನ. ಮುಹೂರ್ತ ಅಂತೂ ಮುಂದೆ ಹೋಗೋದಿಲ್ಲ."

ಗುತ್ಯಮ್ಮ ಖಾಲಿ ಬಾಂಡ್ಲಿ ಹಿಡಿದು ನಮ್ಮ ಮಧ್ಯದಲ್ಲೇ ಹಾದು ಹೋದಳು. ಅವಳು ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ನಾಗೇಂದ್ರನ ಅಜ್ಜಿ ಅದೇ ಸಂಜೆ ತೀರಿಕೊಂಡರು.

ಮರುದಿನ ಬೆಳಿಗ್ಗೆ ಕೆರಿಯಪ್ಪನ ಮನೆಗೆ ಹೋದೆ. ಹೆಂಡತಿ ಕೆಲಸಕ್ಕೆ ಹೊರಟುಬಿಟ್ಟಿದ್ದಳು. ಇವನು ಜಗಲಿಯಲ್ಲಿ ಕೂತು ತೆಂಗಿನಕಾಯಿ ತುರಿಯಲು ಹೋಗಿ, ಕಾಯಿಯ ಬದಲು ಹೆಬ್ಬೆರಳು ತುರಿದುಕೊಂಡು ಚೀಪುತ್ತಿದ್ದ. ಮೂರು ವರ್ಷದಲ್ಲಿ ಐದು ಹೊಸ ಪಂಚೆ ಬಂದವನು ಹರಕು ಲುಂಗಿಯಲ್ಲಿದ್ದ. ಎಂಥ ಜಿಪುಣ ಎಂದುಕೊಂಡೆ.

"ಕೆರಿಯಪ್ಪ, ನೀನು ಬಂದು ಸುಮ್ನೆ ಕೂತ್ಕೋ ಮಾರಾಯ. ಬಾಂಡ್ಲಿನೂ ಮುಟ್ಟಬೇಡ. ಮೇಸ್ತ್ರಿ ಕೂಲಿ ನಿನ್ನ ಹೆಸರಲ್ಲಿ ಬರೀತೀನಿ, ಗೋಡೆ ಅವಳು ಮಾಡ್ಲಿ. ಮೊದಲಿನ ಹಂಗೇ."

ಅವನು ನಕ್ಕ. ಆಮೇಲೆ ಬೆರಳಿನ ಗಾಯ ನೋಡುತ್ತ ಕೂತ.

"ಆ ತಟ್ಟೆ ಹಿಡ್ಕಂಡು ಎಲ್ರೆದ್ರು ಕರೀತಿದ್ರಲ್ಲ ತೀರ್ಥೇಶಣ್ಣ, ಆವಾಗ ಎದ್ದು ಹೋಗಾಕೆ ನಂಗೆ ಹೆಂಗಾಗ್ತಿತ್ತು ಗೊತ್ತಾ? ಅವ್ಳು ಹಿಂದಿನ ಸಾಲಲ್ಲಿ ಕೂತು ನಗ್ತಿದ್ಳು. ಬೈದಿದ್ರೆ ಪರವಾಗಿರ್ಲಿಲ್ಲ. ನನ್ನ ಕೈಲಿ ಇನ್ನು ಆಗದಿಲ್ಲ. ಅವ್ಳನ್ನೇ ಕೇಳಿ. ಅವ್ಳ ರೇಟಿಗೇ ಕೇಳಿ."

ಬೈಕಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ. ತೋಳು ಹೋದವನಿಗೆ ಇಷ್ಟು ಠೇಂಕಾರ ಎಲ್ಲಿಂದ ಬಂತು ಎಂದು. ಕಟ್ಟಡ ಹತ್ತಿರವಾದ ಹಾಗೆ ಬೈಗಳು ಖಾಲಿಯಾದವು. ಹಾಜರಿ ಪುಸ್ತಕ ತೆರೆದು ಗುತ್ಯಮ್ಮನ ಎದುರಿಗೇ ಮೇಸ್ತ್ರಿಗಳ ಸಾಲಿನಲ್ಲಿ ಅವಳ ಹೆಸರು ಬರೆದೆ. ಅವಳು ಬಗ್ಗಿ ನೋಡಿದಳು. ಓದಲು ಬರುತ್ತದೆ, ನಿಧಾನಕ್ಕೆ.

"ಆಳು?" ಎಂದಳು.

ಅದೇ ತೊಂದರೆಯಾಯಿತು. ಹೆಣ್ಣಾಳುಗಳೆಲ್ಲ ಅಡಿಕೆ ಸುಲಿಯಲು ಹೋಗಿದ್ದರು. ಉಳಿದವರು ಗಂಡಾಳು ಇಬ್ಬರು. ಒಬ್ಬ, ಹೆಂಗಸು ಮೇಲೆ ನಿಂತು ಕೈ ಚಾಚುವುದು, ತಾನು ಕೆಳಗೆ ನಿಂತು ಎತ್ತಿಕೊಡುವುದು, ಊರಲ್ಲಿ ತಲೆ ಎತ್ತಿ ತಿರುಗೋದು ಬೇಡವಾ ಎಂದು ಹೇಳಿ ಮರಳಿನ ರಾಶಿಯ ಮೇಲೆ ಅಂಡೂರಿದ. ಇನ್ನೊಬ್ಬನಿಗೆ ಅದೇ ಕ್ಷಣ ಹೊಟ್ಟೆನೋವು ಬಂತು. ಗುತ್ಯಮ್ಮ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಕರಣೆಯಿಂದ ಹಿಮ್ಮಡಿಯ ಸಿಮೆಂಟು ಕೆರೆಯುತ್ತಿದ್ದಳು.

"ಹನ್ನೊಂದು ದಿನ ಐತೆ ಅಣ್ಣ," ಎಂದಳು. "ನಂಗೇನು ಅರ್ಜೆಂಟಿಲ್ಲ."

ವಾಚು ಬಿಚ್ಚಿ ಜೇಬಿಗೆ ಹಾಕಿದೆ. ಪ್ಯಾಂಟು ಮಡಚಿದೆ. ಇಪ್ಪತ್ತು ವರ್ಷ ಮನೆ ಕಟ್ಟಿಸಿದ ನಾನು ಒಂದು ಬಾಂಡ್ಲಿ ಗಾರೆ ಎಷ್ಟು ಭಾರ ಎಂದು ಅವತ್ತು ತಿಳಿದುಕೊಂಡೆ. ಹತ್ತನೆಯ ಬಾಂಡ್ಲಿಗೆ ಕುತ್ತಿಗೆ ಹೋಯಿತು. ಇಪ್ಪತ್ತನೆಯದಕ್ಕೆ ಸೊಂಟ ಹೋಯಿತು. ಗಾರೆ ಕಲಸಿಕೊಂಡು ಹೋದರೆ ಅವಳು ಕರಣೆಯಿಂದ ಎತ್ತಿ ನೋಡಿ, "ಇದೆಂತದು, ಗೋಡೆಗಾ, ಕರುವಿಗೆ ಕುಡಿಸಾಕಾ?" ಎನ್ನುತ್ತಿದ್ದಳು. ಸುಸ್ತಾಗಿ ಬಾಂಡ್ಲಿಯನ್ನು ಅವಳ ಕಾಲಬುಡದಲ್ಲಿ ಇಟ್ಟರೆ, "ಕಾಲಿಗೆ ಬ್ಯಾಡ, ಕೈಗೆ ಕೊಡಿ" ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಬಾಯಿ ಪೂರ್ತಿ ವಾಪಸ್ ಬಂದಿತ್ತು. ನನಗೆ ಬೈಗಳು ತಿನ್ನುತ್ತಲೇ ಒಂಥರಾ ಜೀವ ಬಂದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ಕೃಷ್ಣಯ್ಯನವರದ್ದೇ ಸದ್ದು. ನನ್ನ ತಲೆಯ ಮೇಲೆ ಸಿಂಬೆ, ಅಂಗಿಯ ತುಂಬ ಗಾರೆ. ಬಿಲ್ಲು ಬರೆಯುವ ಮನುಷ್ಯ ಹೆಣ್ಣಾಳಿನ ಜಾಗದಲ್ಲಿ ನಿಂತಿದ್ದೇನೆ. ನನ್ನ ಕೈ ತಾನಾಗಿ ಬಾಂಡ್ಲಿಯ ಅಂಚಿಗೆ ಹೋಗಿ ಟಣ್ ಟಣ್ ಎಂದು ಎರಡು ಸಲ ಬಡಿಯಿತು.

ಗುತ್ಯಮ್ಮ ಕೆಲಸ ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟ ಇವತ್ತಿಗೂ ನನ್ನ ಬೆನ್ನಲ್ಲಿ ಚುಚ್ಚುತ್ತದೆ.

"ಇಳಿಯದಿಲ್ಲ," ಎಂದಳು. "ಗಾರೆ ತನ್ನಿ."

ಕೃಷ್ಣಯ್ಯನವರು ಬಾಗಿಲಲ್ಲಿ ನಿಂತು ಮೇಲೆ ಅವಳನ್ನು, ಕೆಳಗೆ ನನ್ನನ್ನು ನೋಡಿದರು. ಟಾರ್ಚು ತೆಗೆದು ಹೊಸ ಗೋಡೆಗೆ ಹಿಡಿದರು. ಕೆಳಗಿಳಿದು ಹೋಗಿ ಹಾಲಿನ ಗೋಡೆಗೂ ಹಿಡಿದು ಮತ್ತೆ ಹತ್ತಿ ಬಂದರು.

"ಮೂವತ್ತಾರು ವರ್ಷ ಮಕ್ಕಳ ಪೇಪರ್ ನೋಡಿದವ ನಾನು ತೀರ್ಥೇಶ್. ಒಬ್ಬ ಬರೆದು ಇನ್ನೊಬ್ಬ ಹೆಸರು ಹಾಕಿದ್ರೆ ನನಗೆ ಗೊತ್ತಾಗ್ತದೆ. ಹಾಲ್ ಮಾಡಿದ್ದೂ ಈ ಕೈಯೇ."

ಆಮೇಲೆ ನನ್ನ ತಲೆಯ ಸಿಂಬೆಯ ಮೇಲೆ ಟಾರ್ಚು ಬಿಟ್ಟರು.

"ಅದಿರಲಿ, ನಿಮಗೆ ದಿನಕ್ಕೆ ಎಷ್ಟು ಈಗ?" ಎಂದು ಕೇಳಿದರು.

"ಹೊಸಬ್ರು ಮೇಷ್ಟ್ರೆ," ಎಂದಳು ಗುತ್ಯಮ್ಮ. "ಐನೂರು ಕೊಟ್ರೂ ಹೆಚ್ಚೇ."

ಗೃಹಪ್ರವೇಶ ಹೇಳಿದ ಮುಹೂರ್ತಕ್ಕೇ ಆಯಿತು. ಅದರ ಎರಡು ದಿನ ಮೊದಲು ಕೃಷ್ಣಯ್ಯನವರ ಹೆಂಡತಿ ಸರಸ್ವತಮ್ಮ ನನ್ನನ್ನು ಕರೆದು, "ಮೇಸ್ತ್ರಿಗೆ ಅಂತ ಪಂಚೆ ತಂದಾಗಿದೆ, ಈಗ ಎಂತ ಮಾಡೋದು" ಎಂದು ಪೇಚಾಡಿದ್ದರು. ಆಮೇಲೆ ಅವರೇ ತೀರ್ಮಾನ ಮಾಡಿ ಪಂಚೆಯನ್ನು ಗಂಡನಿಗೆ ಉಡಿಸಿ, ತಟ್ಟೆಯಲ್ಲಿ ಒಳ್ಳೆಯ ಸೀರೆ ಇಟ್ಟರು. ಶಲ್ಯ ಮಾತ್ರ ಹಾಗೇ ಇರಲಿ, ಅದು ಮೇಸ್ತ್ರಿಯದ್ದು ಎಂದರು.

ಪೂಜೆ ಮುಗಿದು, ಊಟಕ್ಕೆ ಮೊದಲು, ಕೃಷ್ಣಯ್ಯನವರು ಹಾಲಿನ ಮಧ್ಯೆ ನಿಂತು ಕ್ಲಾಸಿನಲ್ಲಿ ಹಾಜರಿ ಕೂಗುವ ಸ್ವರದಲ್ಲಿ ಕರೆದರು. "ಮೇಸ್ತ್ರಿ ಗುತ್ಯಮ್ಮ."

ಅವಳು ಹಿಂದಿನ ಸಾಲಿನಲ್ಲೇ ಕೂತಿದ್ದಳು, ಅಭ್ಯಾಸ. ಎದ್ದು ಬಂದಳು. ಬರುತ್ತ ಹಾಲಿನ ಗೋಡೆಯ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಸರಸ್ವತಮ್ಮ ಕುಂಕುಮ ಕೊಟ್ಟು ತಟ್ಟೆ ಕೈಗಿಟ್ಟರು, ಕೃಷ್ಣಯ್ಯನವರು ಶಲ್ಯ ಹೊದಿಸಿದರು. ನೆಂಟರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ.

ಆಗ ಕೆರಿಯಪ್ಪ ಎದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ತೋಳು ಆಡದೆ ಅದನ್ನು ಬಿಚ್ಚಲು ಒದ್ದಾಡುತ್ತಿದ್ದವನಿಗೆ ಪಕ್ಕದವರು ಬಿಚ್ಚಿಕೊಟ್ಟರು. ಒಳಗಿದ್ದದ್ದು ಐದು ಪಂಚೆ, ಐದು ಶಲ್ಯ. ಅಂಗಡಿಯ ಮಡಿಕೆ ಹಾಗೇ ಇತ್ತು, ಮೇಲಿನ ಚೀಟಿಯೂ ಕಿತ್ತಿರಲಿಲ್ಲ. ಒಂದೊಂದಾಗಿ ಹೆಂಡತಿಯ ತಟ್ಟೆಯ ಮೇಲೆ ಇಟ್ಟ. ಇಡುವಾಗ ಯಾವ ಮನೆಯದ್ದು ಎಂದು ಹೇಳುತ್ತ ಹೋದ. ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿ ಮನೆ. ಡಾಕ್ಟರ ಮನೆ. ಹೀಗೆ ಐದೂ.

"ಇವೂ ನಿಂದೇ," ಎಂದ. "ಒಂದನ್ನೂ ಉಟ್ಟಿಲ್ಲ."

ಗುತ್ಯಮ್ಮ ತಟ್ಟೆ ನೋಡಿದಳು, ಗಂಡನ ಲುಂಗಿ ನೋಡಿದಳು.

"ಮೂರು ವರ್ಷ ಹರಕು ಉಟ್ಕಂಡು ಊರ ಮುಂದೆ ನನ್ನ ಮಾನ ತೆಗ್ದದ್ದು ಇದಕ್ಕಾ ಮಾರಾಯ?" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಹೊಸ ಶಲ್ಯದಲ್ಲೇ ಮೂಗು ಒರೆಸಿಕೊಂಡಳು.

ಅದರಲ್ಲೊಂದು ಪಂಚೆ ಕೊಟ್ಟ ಡಾಕ್ಟರೂ ಅಲ್ಲಿದ್ದರು, ನನ್ನ ಕಸುಬಿನವರೂ ಮೂರು ನಾಲ್ಕು ಜನ ಇದ್ದರು. ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಕಡೆ ತಿರುಗಿತು. ಕೆರಿಯಪ್ಪ ತನಗೆ ಬಂದದ್ದನ್ನು ಮಡಿಕೆ ಮುರಿಯದೆ ತಂದು ಕೊಟ್ಟಿದ್ದ. ನನಗೆ ಬಂದದ್ದು ಹೆಸರು. ಅದನ್ನು ನಾನು ದಿನಾ ಉಟ್ಟು, ಒಗೆದು, ಮತ್ತೆ ಉಟ್ಟು ಹಳೆಯದು ಮಾಡಿದ್ದೆ. ಎದ್ದು ನಿಂತು, ನೀವೆಲ್ಲ ತೀರ್ಥೇಶನ ಗೋಡೆ ಅಂತೀರಲ್ಲ, ಅದು ಇವಳದ್ದು, ನನಗೆ ಮೊದಲಿನಿಂದ ಗೊತ್ತಿತ್ತು, ಗೊತ್ತಿದ್ದೇ ಇವಳಿಗೆ ಆಳಿನ ಕೂಲಿ ಕೊಟ್ಟೆ ಎಂದೆ. ಭಾಷಣ ಇನ್ನೂ ಸ್ವಲ್ಪ ಇತ್ತು.

"ಸಾಕು ಕೂತ್ಕಳಿ ಅಣ್ಣ," ಎಂದಳು ಗುತ್ಯಮ್ಮ, ಮೂಗು ಕಟ್ಟಿದ ಸ್ವರದಲ್ಲಿ. "ಜನ ಹಸ್ದಾರೆ."

ಈಗ ಅವಳ ದಿನಗೂಲಿ ಸಾವಿರದ ಮುನ್ನೂರು. ಬೇರೆ ಕಂಟ್ರಾಕ್ಟರುಗಳು ಸಾವಿರದ ನಾನೂರಕ್ಕೆ ಕರೆಯುತ್ತಿದ್ದಾರೆ, ಹೋದರೆ ತಡೆಯಲಿಕ್ಕೆ ನನ್ನ ಬಳಿ ಏನೂ ಇಲ್ಲ. ಅಡಿಕೆ ಸುಲಿದು ಬಂದ ಹೆಣ್ಣಾಳುಗಳಲ್ಲಿ ಇಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳ ಹತ್ತಿರ ಕರಣೆ ಹಿಡಿಯುವುದು ಕಲಿಯುತ್ತಿದ್ದಾರೆ. ಆ ಹೊಟ್ಟೆನೋವಿನ ಗಂಡಾಳು ಈಗ ಅವಳಿಗೆ ಗಾರೆ ಎತ್ತಿಕೊಡುತ್ತಾನೆ. ಕೆರಿಯಪ್ಪ ಹೊಸ ಪಂಚೆ ಉಟ್ಟು ಅಡುಗೆ ಮಾಡುತ್ತಾನಂತೆ, ಬೆರಳು ಉಳಿದಿವೆಯಂತೆ.

ಗೃಹಪ್ರವೇಶ ಆದ ವಾರದ ಬಟವಾಡೆಯಲ್ಲಿ, ಹಿಂದಿನ ವಾರದ ಬಾಕಿಯನ್ನೂ ಸೇರಿಸಿ, ನಾನು ಮೊದಲನೆಯ ಸಲ ಮೇಸ್ತ್ರಿ ಕೂಲಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅಲ್ಲೇ ನಿಂತು ಎಣಿಸಿದಳು. ಬೆರಳಿಗೆ ಉಗುಳು ಹಚ್ಚಿ ಇನ್ನೊಂದು ಸಲ ಎಣಿಸಿದಳು.

"ಎಂತ ಗುತ್ಯಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೆ, ನಗುತ್ತ.

ಅವಳು ನೋಟು ಮಡಚಿ ಗಂಡನ ಹಳೆಯ ಅಂಗಿಯ ಜೇಬಿಗೆ ಹಾಕಿಕೊಂಡಳು.

"ಇಲ್ಲ," ಎಂದಳು.